ಮಾವನ ಹೆಬ್ಬೆರಳು ಮತ್ತು ಮೇಣಕಾಯಿ ಗಿಡ

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಅಸಹ್ಯವಾಗದ ವಸ್ತು ಏನಾದರೂ ಇದ್ದರೆ ಅದು ಕುದಿಯುವ ನೀರು. ಅದೂ ಕುದಿಯುತ್ತಿರುವಷ್ಟು ಹೊತ್ತು ಮಾತ್ರ. ಆರಿತೆಂದರೆ, ಈ ನಡುವೆ ಅದರಲ್ಲಿ ಏನು ಬಿದ್ದಿರಬಹುದು ಎಂದು ಬಗ್ಗಿ ನೋಡುತ್ತಾರೆ. ಏನೂ ಬಿದ್ದಿರದಿದ್ದರೆ ಅವರ ಅನುಮಾನ ಇನ್ನೂ ಹೆಚ್ಚುತ್ತದೆ.

ಕೆಲಸದಲ್ಲಿದ್ದಾಗ ಅವರು ನಗರಸಭೆಯ ಹೆಲ್ತ್ ಇನ್‌ಸ್ಪೆಕ್ಟರ್. ಹೋಟೆಲು, ಬೇಕರಿ, ಕ್ಯಾಂಟೀನುಗಳ ಅಡುಗೆಮನೆ ನೋಡಿಕೊಂಡು ಬರುವುದು ಉದ್ಯೋಗ. ಉಳಿದ ಇನ್‌ಸ್ಪೆಕ್ಟರುಗಳು ಮುಂಬಾಗಿಲಿನಿಂದ ಹೋಗಿ, ಫ್ಯಾನಿನ ಕೆಳಗೆ ಕೂತು, ಹೊಟ್ಟೆ ತುಂಬ ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದರು. ಮಾವ ಹಿಂಬಾಗಿಲಿನಿಂದ ನುಗ್ಗುತ್ತಿದ್ದರು. ಕೈಗೆ ಸಿಕ್ಕ ಮೊದಲ ಪಾತ್ರೆಯನ್ನೆತ್ತಿ ಅದರ ಒಳಮೈಗೆ ಬಲಗೈ ಹೆಬ್ಬೆರಳನ್ನು ಒತ್ತಿ ಎಳೆಯುತ್ತಿದ್ದರು. ಬೆರಳು ಕಿರ್ರೆಂದರೆ ಪಾಸು, ಜಾರಿದರೆ ಫೇಲು. "ಜಾರಿದ್ರೆ ಜಿಡ್ಡು, ಜಿಡ್ಡು ಅಂದ್ರೆ ಕೊಳೆ. ಇದರಲ್ಲಿ ವಾದ ಇಲ್ಲ" ಎನ್ನುತ್ತಿದ್ದರು. ಅಡುಗೆಯವರು ಅವರಿಗೆ ಇಟ್ಟ ಹೆಸರು ಹೆಬ್ಬೆಟ್ಟು ಸಾಹೇಬರು. ಅಷ್ಟೆಲ್ಲ ಓದಿಕೊಂಡ ಮನುಷ್ಯನಿಗೆ ಹೆಬ್ಬೆಟ್ಟು ಎಂದರೆ ಸಿಟ್ಟು ಬರಬೇಕಿತ್ತು. ಮಾವನಿಗೆ ಮಾತ್ರ ಅದು ಬಿರುದು ಕೊಟ್ಟ ಹಾಗಾಗಿತ್ತು.

ನಿವೃತ್ತಿಯಾದ ಮೇಲೆ ನಗರಸಭೆ ಅವರ ಕುರ್ಚಿ ವಾಪಸು ತೆಗೆದುಕೊಂಡಿತು, ಹೆಬ್ಬೆರಳನ್ನು ಅವರ ಬಳಿಯೇ ಬಿಟ್ಟಿತು. ಅದರ ಫಲ ಉಣ್ಣಬೇಕಾದವರು ನಾವು ನೆಂಟರು. ನಮ್ಮ ಮನೆಗೆ ಬಂದರೆ ಲೋಟದ ಅಂಚಿಗೆ, ತಟ್ಟೆಯ ನಡುವಿಗೆ, ಒಮ್ಮೆ ನನ್ನ ಮಗಳ ಕೆನ್ನೆಗೂ ಹೆಬ್ಬೆರಳು ಎಳೆದು ನೋಡಿದ್ದರು. ಮಗು ಫೇಲಾಗಿತ್ತು. ನನ್ನ ಹೆಂಡತಿ ಅಂದಿನಿಂದ ಅವರು ಬರುವ ಸುದ್ದಿ ಕೇಳಿದ ಕೂಡಲೇ ಪಾತ್ರೆಗಳನ್ನಲ್ಲ, ಮಗುವನ್ನೇ ತಿಕ್ಕಲು ಶುರು ಮಾಡುತ್ತಾಳೆ.

ಇಂಥವರ ಮನೆ ಇರುವುದು ಬಸ್ ಡಿಪೋ ಕ್ಯಾಂಟೀನಿನ ಹಿಂದೆ. ಅತ್ತೆಯ ಅಡುಗೆಮನೆಗೆ ಇರುವುದೇ ಒಂದು ಕಿಟಕಿ. ಅದರಾಚೆ ಚಾಪೆಯಷ್ಟಗಲದ ಹಿತ್ತಿಲು, ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಕ್ಯಾಂಟೀನಿನ ಬೆನ್ನು. ಕ್ಯಾಂಟೀನು ಮುಂದಿನಿಂದ ನೋಡಲು ಪರವಾಗಿಲ್ಲ. ಹಿಂದೆ ಎಂಜಲಿನ ಡ್ರಮ್ಮುಗಳು, ಅವುಗಳ ಮೇಲೆ ನೊಣದ ಕಪ್ಪು ಹೊದಿಕೆ, ಮುಸುರೆ ತೊಳೆಯುವ ನಲ್ಲಿ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಕಾಲ್ಬೆರಳ ಸಂದಿ ಕೆರೆದುಕೊಳ್ಳುವ ದಪ್ಪ ಬಾಣಸಿಗ. ಕೆರೆದ ಕೈಯನ್ನು ಮೂಸಿ ನೋಡಿ ಅವನು ಅದೇ ಕೈಯಲ್ಲಿ ಹಿಟ್ಟು ಕಲಸಲು ಎದ್ದು ಹೋಗುತ್ತಿದ್ದ. ಮನೆಗೆ ಬಂದ ದಿನವೇ ಮಾವ ಇದನ್ನು ಕಂಡು ಬಚ್ಚಲಿಗೆ ಓಡಿದ್ದರು. ಬಾಯಿ ತೊಳೆದುಕೊಂಡು ಬಂದವರು ಕಿಟಕಿಗೆ ಮೊಳೆ ಹೊಡೆದು, ಗಾಜಿಗೆಲ್ಲ ಹಳೇ ಪೇಪರು ಅಂಟಿಸಿದರು. ಅಂದಿನಿಂದ ಅತ್ತೆ ಹುರಿದದ್ದು, ಕರಿದದ್ದು, ಕುದಿಸಿದ್ದು ಎಲ್ಲದರ ಹೊಗೆಯೂ ಆ ಕೋಣೆಯಲ್ಲೇ ಸುತ್ತು ಹೊಡೆದು, ಕೊನೆಗೆ ಅತ್ತೆಯ ಎದೆಯಲ್ಲೇ ಹೋಗಿ ಕೂರುತ್ತಿತ್ತು.

ಅತ್ತೆಗೆ ಉಬ್ಬಸ ಶುರುವಾದದ್ದು ಹಾಗೆ. ಓಣಿಯ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಅಡುಗೆಮನೆಗೆ ಒಮ್ಮೆ ಇಣುಕಿ, "ಅಮ್ಮ, ಮಾತ್ರೆ ನಾನು ಕೊಡ್ತೀನಿ, ಗಾಳಿ ನೀವೇ ತಗೋಬೇಕು. ಆ ಕಿಟಕಿ ತೆಗೀರಿ. ಇಲ್ಲದಿದ್ರೆ ಇವತ್ತಲ್ಲ ನಾಳೆ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ" ಎಂದರು.

ಡಾಕ್ಟರು ಹೊಸ್ತಿಲು ದಾಟುವುದನ್ನೇ ಕಾದಿದ್ದು ಮಾವ ಹೇಳಿದರು: "ಅವನ ಕೊಳವೆ ನೋಡಿದ್ಯಾ? ಕಿವಿಗಿಡೋ ತುದೀಲಿ ಹಳದಿ ಕಟ್ಟಿದೆ. ಅಂಥೋನ ಮಾತು ಕೇಳಿ ನಾನು ಕಿಟಕಿ ತೆಗೀಬೇಕಾ?"

"ರೀ, ನನಗೆ ಉಸಿರು ಕಟ್ಟತ್ತೆ."

"ಆ ಗಾಳಿ ಒಳಗೆ ಬಂದ್ರೆ ನನಗೆ ಕರುಳೇ ಕಿತ್ತು ಬರತ್ತೆ."

ಇದು ನೆಪವಲ್ಲ. ಎಂಜಲು ಕಂಡರೆ ಅವರು ನಿಜವಾಗಿಯೂ ಬಚ್ಚಲಿಗೆ ಓಡುತ್ತಿದ್ದರು. ಕ್ಯಾಂಟೀನಿನ ಮೇಲೆ ದೂರು ಕೊಡಲು ತಮ್ಮ ಹಳೇ ಆಫೀಸಿಗೂ ಹೋಗಿ ಬಂದರು. ಅಲ್ಲಿ ಅವರ ಕುರ್ಚಿಯಲ್ಲಿ ಕೂತಿದ್ದ ಹೊಸ ಇನ್‌ಸ್ಪೆಕ್ಟರು, "ಆ ಕ್ಯಾಂಟೀನಾ ಸಾರ್? ದಿನಾ ಮಧ್ಯಾಹ್ನ ನನ್ನ ಊಟ ಅಲ್ಲೇ. ಫಸ್ಟ್ ಕ್ಲಾಸ್!" ಎಂದು ನೆನಪಿಗೇ ಬೆರಳು ನೆಕ್ಕಿದನಂತೆ. ಮಾವ ಅಲ್ಲಿಂದ ಎದ್ದು ಬಂದು ಎರಡು ಸಲ ಸ್ನಾನ ಮಾಡಿದರು.

ಕೊನೆಗೆ ಗಂಡ ಹೆಂಡಿರ ನಡುವೆ ಒಂದು ರಾಜಿಯಾಯಿತು. ಗೋಡೆಯುದ್ದಕ್ಕೂ ಕಿಟಕಿಯೆತ್ತರದ ಹಸಿರು ಬೇಲಿ ಎಬ್ಬಿಸುವುದು. ಅದು ಕ್ಯಾಂಟೀನನ್ನು ಪೂರ್ತಿ ಮರೆಮಾಡಿದ ದಿನ ಮೊಳೆ ಕೀಳುವುದು. ಮೊದಲು ಹಾಕಿದ ಬಳ್ಳಿ ಜೋರಾಗಿ ಹಬ್ಬಿ, ಅತ್ತೆಗೆ ಆಸೆ ಹುಟ್ಟಿಸಿ, ಎಲೆ ಉದುರುವ ಕಾಲ ಬಂದದ್ದೇ ತಡ ಬೋಳಾಯಿತು. ಅದರ ಒಣ ಹಂಬುಗಳ ಸಂದಿಯಿಂದ ಬಾಣಸಿಗ ಮೊದಲಿಗಿಂತ ಚೆನ್ನಾಗಿ ಕಾಣತೊಡಗಿದ. ಚೌಕಟ್ಟು ಹಾಕಿಸಿದ ಹಾಗೆ.

ಎಲೆ ಉದುರಿಸದ ಗಿಡ ಬೇಕೆಂದು ಮಾವ ನನ್ನನ್ನು ಎಳೆದುಕೊಂಡು ನರ್ಸರಿಗೆ ಹೋದರು. ನರ್ಸರಿಯವನು ತೋರಿಸಿದ್ದು ಮೇಣಕಾಯಿ ಗಿಡ. ಪುಸ್ತಕ ಓದಿದವರು ಅದನ್ನು ಬೇಬೆರಿ ಅನ್ನುತ್ತಾರೆ. ಹೊರದೇಶದಿಂದ ಬಂದದ್ದು, ಅಲ್ಲಿ ಹಳ್ಳದ ದಂಡೆಯಲ್ಲಿ ಯಾರೂ ಕೇಳದಿದ್ದರೂ ಬೆಳೆದುಕೊಳ್ಳುವ ಪೊದೆ. ವರ್ಷವಿಡೀ ಹಸಿರು. ಕಡ್ಡಿಗೆ ಅಂಟಿಕೊಂಡು ಮೆಣಸಿನ ಕಾಳಿನಂಥ ಕಾಯಿ ಬಿಡುತ್ತದೆ, ಕಾಯಿಯ ಮೇಲೆ ಬೂದುಬಣ್ಣದ ಮೇಣದ ಪದರ. ಅಲ್ಲಿಯ ಹಿಂದಿನವರು ಅದನ್ನು ಕುದಿಸಿ ಮೇಣ ತೆಗೆದು ಬತ್ತಿ ಮಾಡುತ್ತಿದ್ದರಂತೆ. ನರ್ಸರಿಯವನು ಒಂದೆಲೆ ಹಿಸುಕಿ ಮಾವನ ಮೂಗಿಗೆ ಹಿಡಿದ. ಆಗ ನಾನು ಎಂದೂ ಕಾಣದ ದೃಶ್ಯ ಕಂಡೆ. ಮಾವನ ಮೂಗಿನ ಮೇಲಿನ ಗೆರೆಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಔಷಧಿ ಅಂಗಡಿ ವಾಸನೆ. ಕ್ಲೀನ್" ಎಂದರು. ತಕ್ಷಣವೇ ಗೆರೆಗಳನ್ನು ಮತ್ತೆ ಹಾಕಿಕೊಂಡು, "ಕಾಯಿ ಬಿಟ್ರೆ ಹಕ್ಕಿ ಬರತ್ತಲ್ಲಯ್ಯ? ಹಕ್ಕಿ ಬಂದ್ಮೇಲೆ ಅದರದ್ದೂ ಬರತ್ತೆ" ಎಂದರು.

"ಕಾಯಿ ಬಿಡೋದು ಹೆಣ್ಣು ಗಿಡ ಮಾತ್ರ ಸಾರ್. ಗಂಡು ಗಿಡ ಬೇರೆ ಇರತ್ತೆ."

"ಹಾಗಾದ್ರೆ ಎಲ್ಲಾ ಗಂಡೇ ಕೊಡು."

"ಹೂ ಬಿಡೋವರೆಗೂ ಅದು ಹೇಳಕ್ಕಾಗಲ್ಲ ಸಾರ್."

"ಮೂವತ್ತು ವರ್ಷ ಅಡುಗೆಮನೆ ನೋಡಿದ್ದೀನಿ. ಯಾವುದು ಎಂಥದ್ದು ಅಂತ ನಾನು ಹೇಳ್ತೀನಿ" ಎಂದು ಮಾವ ತಾವೇ ಗಿಡ ಆರಿಸಿದರು. ನೇರ ಬೆನ್ನಿನವು, ಮೈಮೇಲೆ ಧೂಳಿಲ್ಲದವು, ಒಟ್ಟಿನಲ್ಲಿ ತಮ್ಮನ್ನೇ ಹೋಲುವಂಥವು.

ಗೋಡೆಯುದ್ದಕ್ಕೂ ಸಾಲಾಗಿ ನೆಟ್ಟ ಮೇಲೆ ಒಂದು ಗಿಡ ಮಿಕ್ಕಿತು. ಹಿತ್ತಿಲಲ್ಲಿ ಉಳಿದಿದ್ದ ಜಾಗ ಒಂದೇ, ಕಿಟಕಿಯ ಬುಡ. ಗೋಡೆಯ ಬಿರುಕಿನಿಂದ ಕ್ಯಾಂಟೀನಿನ ಮುಸುರೆ ನೀರು ಜಿನುಗಿ ಬಂದು ನಿಲ್ಲುವ ಮೂಲೆ ಅದು. ಮಾವ ಆ ಕಡೆ ಕಾಲಿಡುವುದಿರಲಿ, ಕಣ್ಣನ್ನೂ ಇಡುತ್ತಿರಲಿಲ್ಲ. ಅತ್ತೆ ಆ ಗಿಡವನ್ನು ಅಲ್ಲೇ ಊರಿದರು.

"ಲೇ, ಅದನ್ನ ಅಲ್ಲಿ ಹಾಕಿದ್ಯಾ? ಥೂ! ಅದು ಇನ್ನು ನಮ್ಮ ಗಿಡ ಅಲ್ಲ, ಮುಸುರೆ ಗಿಡ."

"ನಾನೂ ಅದೇ ಗಾಳೀಲಿ ಇದ್ದೀನಲ್ಲ. ಅದರ ಜೊತೆ ಇರ್ತೀನಿ ಬಿಡಿ" ಎಂದರು ಅತ್ತೆ.

ಅಲ್ಲಿಂದ ಮಾವ ತಮ್ಮ ಸಾಲಿನ ಗಿಡಗಳ ಹಿಂದೆ ಕೈ ತೊಳೆದುಕೊಂಡು ಬಿದ್ದರು. ಅವರ ವಿಷಯದಲ್ಲಿ ಇದು ಬರೀ ಮಾತಲ್ಲ. ಬೆಳಗಾದರೆ ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಒಂದೊಂದೇ ಎಲೆಯ ಎರಡೂ ಮೈ ಒರೆಸುವರು. ಬುಡದಲ್ಲಿ ಬಿದ್ದ ಕಸಕಡ್ಡಿಯನ್ನೆಲ್ಲ ಗುಡಿಸಿ ಮಣ್ಣನ್ನು ನಡುಮನೆಯ ನೆಲದಂತೆ ಬೋಳು ಮಾಡುವರು. ವಾರಕ್ಕೊಮ್ಮೆ ಬೇರಿಗೆ ಫಿನಾಯಿಲು. ಯಾವುದೋ ಚಿಗುರು ಸಾಲು ಬಿಟ್ಟು ಆಚೆ ಇಣುಕಿದರೆ ಕತ್ತರಿ. ಗಿಡ ಬೆಳೆಯಬೇಕಾದದ್ದು ಕಿಟಕಿಯೆತ್ತರಕ್ಕೆ. ಆದರೆ ಬೆಳೆಯುವುದೆಂದರೆ ಅಂಕುಡೊಂಕಾಗುವುದು ತಾನೆ? ಅಂಕುಡೊಂಕು ಮಾವನಿಗೆ ಗಲೀಜು. ಹಾಗಾಗಿ ಬೇಲಿ ಸೊಂಟದ ಮಟ್ಟದಲ್ಲೇ, ಹೊಸ ಸೈನಿಕರ ತಲೆಯ ಹಾಗೆ ಸಮನಾಗಿ ನಿಂತಿತ್ತು. ಕ್ಯಾಂಟೀನಿನ ಬಾಣಸಿಗ ಕಲ್ಲಿನ ಮೇಲೆ ಕೂತು ಕಾಲು ಕೆರೆಯುತ್ತ, "ಸಾಹೇಬ್ರೇ, ಇವುಗಳ ತಲೆಗೆ ಎಣ್ಣೆ ಹಚ್ಚಲ್ವಾ?" ಎಂದು ವಿಚಾರಿಸುತ್ತಿದ್ದ. ಮಾವ ಮೂಗು ಬಾಯಿ ಮುಚ್ಚಿಕೊಂಡು ಬೆನ್ನು ತಿರುಗಿಸುತ್ತಿದ್ದರು. ಬಾಯಿ ತೆರೆದರೆ ಆ ಕಡೆಯ ಗಾಳಿ ಒಳಗೆ ಹೋಗುತ್ತದೆಂಬ ಭಯ.

ಎರಡನೆಯ ವರ್ಷ ಗಿಡಗಳು ಮಾವನ ಆಯ್ಕೆಗೆ ಅವಮಾನ ಮಾಡಿದವು. ಒಂದನ್ನು ಬಿಟ್ಟು ಉಳಿದವೆಲ್ಲ ಕಾಯಿ ಕಟ್ಟಿದವು.

"ಹೆಣ್ಣುಗಳು! ಸಾಲಿಗೆ ಸಾಲೇ ಹೆಣ್ಣುಗಳು!" ಎಂದು ಫೋನಿನಲ್ಲಿ ಅವರು ಕೂಗಿದ್ದು ಕೇಳಿ, ಯಾರೋ ಬೀದಿಯಲ್ಲಿ ಜಗಳಕ್ಕೆ ಬಂದಿದ್ದಾರೆಂದು ಗಾಬರಿಯಾಗಿ ಓಡಿದೆ. ಮಾವ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಕಾಯಿಗೆ ಹೆಬ್ಬೆರಳು ಎಳೆಯುತ್ತಿದ್ದರು. ಬೆರಳು ಸರಾಗವಾಗಿ ಜಾರಿತು.

"ನೋಡು, ಜಿಡ್ಡು. ಪ್ರತಿಯೊಂದರ ಮೇಲೂ ಬೂದಿ ಬೂದಿ ಜಿಡ್ಡು."

"ಮಾವ, ಅದು ಮೇಣ. ಗಿಡದ ಹೆಸರೇ ಮೇಣಕಾಯಿ."

"ಹೆಸರು ಏನಾದ್ರೂ ಇಟ್ಕೊಳ್ಳಲಿ. ಎಷ್ಟೋ ಹೋಟೆಲಿನ ಹೆಸರು ಪವಿತ್ರ ಅಂತ ಇತ್ತು. ಒಳಗೆ ಹೋಗಿ ನೋಡ್ಬೇಕಿತ್ತು ನೀನು" ಎಂದು ನನ್ನ ಕೈಗೆ ಒಂದು ಹಳೇ ಹಲ್ಲುಜ್ಜುವ ಬ್ರಷ್ಷು ಕೊಟ್ಟರು. ತಾವೊಂದು ಹಿಡಿದರು. ನಡುವಯಸ್ಸಿನ ನಾನು, ರಜಾದಿನದ ಬೆಳಗ್ಗೆ, ಗಿಡದ ಕಾಯಿಗಳಿಗೆ ಬಿಸಿನೀರಿನಲ್ಲಿ ಹಲ್ಲುಜ್ಜಿದೆ. ಬಾಣಸಿಗ ಒಳಗಿನಿಂದ ಇನ್ನಿಬ್ಬರನ್ನು ಕರೆದುಕೊಂಡು ಬಂದು ನಿಲ್ಲಿಸಿ ತೋರಿಸಿದ. ತಿಕ್ಕಿಸಿಕೊಂಡ ಕಾಯಿಗಳು ಅದೇ ವಾರ ಸುಕ್ಕಾಗಿ ಉದುರಿದವು. ಮಾವ ಅವುಗಳನ್ನು ಕಾಗದದಲ್ಲಿ ಹಿಡಿದೆತ್ತಿ, ಮುಖ ಅತ್ತ ತಿರುಗಿಸಿಕೊಂಡೇ ಎಸೆದರು.

ಆಮೇಲೆ ಎಲೆ ಹಳದಿಗೆ ತಿರುಗಿತು. ಕಾರಣ ಹುಡುಕಲು ಮಾವ ಒಂದು ಗಿಡದ ಬುಡ ಅಗೆದರು. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ಬಡ ಮಣ್ಣಿನಲ್ಲೂ ಆ ಗಿಡ ಬದುಕುವುದೇ ಆ ಗಂಟುಗಳಿಂದ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ಜಾಗ ಅದು. ಮಾವನಿಗೆ ಅದರಲ್ಲಿ ಕಂಡದ್ದು ಬರೀ ಕೆಟ್ಟ ರೋಗ. "ಹುಣ್ಣು! ಥೂ ಥೂ, ಮೈಯೆಲ್ಲಾ ಹುಣ್ಣು!" ಎಂದು ಕೈಗವಸು ಹಾಕಿಕೊಂಡು, ಉಗುರು ಕತ್ತರಿಯಿಂದ ಗಂಟುಗಳನ್ನೆಲ್ಲ ಕತ್ತರಿಸಿ, ಗಾಯಕ್ಕೆ ಫಿನಾಯಿಲು ಸುರಿದು ಮುಚ್ಚಿದರು. ಹಾಗೆಯೇ ಸಾಲಿನ ಉಳಿದ ಗಿಡಗಳಿಗೂ ಚಿಕಿತ್ಸೆಯಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಸಾಲಾಗಿ ನಿಂತದ್ದು ಕಡ್ಡಿಗಳು. ಬಹಳ ಕ್ಲೀನಾದ ಕಡ್ಡಿಗಳು.

ಇತ್ತ ಮುಸುರೆ ಗಿಡ ಯಾರ ಹಂಗಿಲ್ಲದೆ ಬೆಳೆಯುತ್ತಿತ್ತು. ಸೋಪಿಲ್ಲ, ಕತ್ತರಿಯಿಲ್ಲ, ಫಿನಾಯಿಲಿಲ್ಲ. ಜೌಗು ಮಣ್ಣಿನಲ್ಲಿ ಕಾಲೂರಿ, ಬುಡದಿಂದ ಹೊಸ ಹೊಸ ಕವಲೆಬ್ಬಿಸಿ ಕಿಟಕಿ ದಾಟಿ ಮೇಲೆ ಹೋಗಿತ್ತು. ಕಾಯಿ ಬಿಟ್ಟಿತ್ತು, ಜೇಡ ಬಲೆ ಕಟ್ಟಿತ್ತು, ಹಕ್ಕಿಗಳು ಬಂದು ತಿಂದು, ಮಾವ ಹೆದರಿದ್ದ ಕೆಲಸವನ್ನೂ ಧಾರಾಳವಾಗಿ ಮಾಡಿ ಹೋಗಿದ್ದವು.

"ರೀ, ಈ ಕಡೆ ಬಂದು ಒಂದ್ಸಲ ನೋಡಿ. ಇದಕ್ಕೂ ಬೇರಲ್ಲಿ ಅದೇ ಗಂಟಿದೆ. ಸತ್ತಿದ್ಯಾ? ಕ್ಯಾಂಟೀನು ಆಗಲೇ ಮರೆಯಾಗಿದೆ. ಮೊಳೆ ಕೀಳಿ" ಎಂದರು ಅತ್ತೆ.

"ಮುಸುರೆ ಕುಡಿದು ಕೊಬ್ಬಿದ್ದನ್ನ ನಾನು ಕಿಟಕಿಗೆ ಪರದೆ ಮಾಡ್ಕೋಬೇಕಾ? ಹೊಸ ಸಾಲು ಹಾಕ್ತೀನಿ. ಮುಂದಿನ ವರ್ಷ ನೋಡು."

"ಮುಂದಿನ ವರ್ಷಕ್ಕೆ ಅಂತ ಉಸಿರು ಡಬ್ಬೀಲಿ ಎತ್ತಿಡ್ಲಾ?"

ಮಾವ ಹೊಸ ಸಾಲಿಗೆ ಗುಂಡಿ ಗುರುತು ಮಾಡಲು ಹೋದರು. ಅದೇ ವಾರ ಅತ್ತೆ ಒಲೆಯ ಮುಂದೆ ಉಬ್ಬಸ ತಡೆಯಲಾರದೆ ಕುಸಿದು ಕೂತರು. ಅಂದು ಅಲ್ಲೇ ಇದ್ದ ನಾನು ಹಿಡಿದುಕೊಂಡು ಹೊರಗೆ ತಂದೆ, ನಾನೂ ಮಾವನೂ ಮುಂದಿನ ಜಗಲಿಯಲ್ಲಿ ಕೂರಿಸಿದೆವು. ಡಾಕ್ಟರು ಬಂದು ಸೂಜಿ ಚುಚ್ಚಿ, ಮಾವನ ಕಡೆ ನೋಡದೆಯೇ, "ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ" ಎಂದು ಹೋದರು. ಅತ್ತೆಗೆ ಮಾತು ಬರುವಷ್ಟು ಉಸಿರು ಸಿಕ್ಕಿದ ಕೂಡಲೇ ಆಡಿದ ಮಾತು ಇಷ್ಟೇ: "ಕಿಟಕಿ ತೆಗೆಯೋವರೆಗೂ ನಾನು ಆ ಕೋಣೆಗೆ ಕಾಲಿಡಲ್ಲ."

ಮಾವ ಜಗ್ಗಲಿಲ್ಲ. "ಬೇಡ ಬಿಡು. ಊಟ ಹೊರಗಿಂದ ತಂದ್ರಾಯ್ತು" ಎಂದರು. ಎಲ್ಲಿಂದ ತರುವುದು? ಊರಿನ ಒಂದೊಂದು ಹೋಟೆಲಿನ ಹಿಂಬಾಗಿಲೂ ಅವರ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಹೆಸರು ಹೇಳಿದ ಹಾಗೆಲ್ಲ ಅವರ ಮುಖ ಹುಳ್ಳಗಾಗುತ್ತ ಹೋಯಿತು. ಒಂದು ಕಡೆ ಹಿಟ್ಟಿನ ಮೂಟೆಯಲ್ಲಿ ಇಲಿ ಮರಿ ಹಾಕಿದ್ದನ್ನು ನೋಡಿದ್ದರು, ಇನ್ನೊಂದು ಕಡೆ ಅಡುಗೆಯವನು ಸೌಟಿನಲ್ಲಿ ಬೆನ್ನು ತುರಿಸಿಕೊಂಡದ್ದನ್ನು. ಬ್ರೆಡ್ಡಾದರೂ ತರೋಣವೆಂದರೆ, "ಆ ಬೇಕರಿಯೋನು ಬೆವರೋದನ್ನ ನೀನು ನೋಡಿಲ್ಲ" ಎಂದರು. ನನ್ನ ಮನೆಯಿಂದ ತರುತ್ತೇನೆ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಸೌಜನ್ಯದಿಂದ ಸುಮ್ಮನಾದರು.

"ನಾನೇ ಮಾಡ್ತೀನಿ. ಅದೇನು ಬ್ರಹ್ಮವಿದ್ಯೆನಾ?" ಎಂದು ಪಂಚೆ ಎತ್ತಿ ಕಟ್ಟಿ ಅಡುಗೆಮನೆ ಹೊಕ್ಕರು. ಊರಿನ ಅಡುಗೆಮನೆಗಳನ್ನೆಲ್ಲ ಜಾಲಾಡಿದ ಮನುಷ್ಯ ತಮ್ಮ ಮನೆಯ ಅಡುಗೆಮನೆಗೆ ಮೊಳೆ ಹೊಡೆದ ದಿನದ ಮೇಲೆ ಹೋದದ್ದು ಅದೇ ಮೊದಲು. ತಟ್ಟೆ ತಾನಾಗಿ ಹೊರಗೆ ಬರುತ್ತಿತ್ತು, ಫಳಫಳ ಹೊಳೆಯುತ್ತಿತ್ತು, ಕಿರ್ರೆನ್ನುತ್ತಿತ್ತು. ಒಳಗೆ ಹೋಗುವ ಅಗತ್ಯವೇ ಬಿದ್ದಿರಲಿಲ್ಲ.

ಎಣ್ಣೆ ಕಾಯಿತು. ಹೆಚ್ಚಿದ ಈರುಳ್ಳಿ ಹಾಕಿದರು. ಹೊಗೆ ಎದ್ದಿತು. ಹೋಗಲು ದಾರಿ ಕಾಣದೆ ಮೇಲೆ ಹೋಗಿ, ಗೋಡೆಗೆ ಬಡಿದು, ತಿರುಗಿ ಮಾವನ ಮುಖಕ್ಕೇ ಬಂತು. ಮಾವ ಕೆಮ್ಮಿದರು, ಸೀನಿದರು, ಕಣ್ಣೊರೆಸಿಕೊಳ್ಳುತ್ತ ಹಿಂದೆ ಸರಿದು ಆಸರೆಗೆ ಕಿಟಕಿಗೆ ಕೈಯೂರಿದರು. ಕೈ ಜಾರಿತು.

ಮಾವ ಕೈಯನ್ನು ನೋಡಿದರು. ಆಮೇಲೆ, ಅಭ್ಯಾಸಬಲ, ಗಾಜಿನ ಮೇಲಿನ ಪೇಪರಿಗೆ ಹೆಬ್ಬೆರಳನ್ನು ಒತ್ತಿ ನಿಧಾನವಾಗಿ ಎಳೆದರು. ಬೆರಳು ಎಳೆದಲ್ಲೆಲ್ಲ ದಪ್ಪ ಗೆರೆ ಬಿತ್ತು. ಹಳದಿಯೂ ಕಪ್ಪೂ ಅಲ್ಲದ, ಅಂಟಂಟಾದ, ನೊಣದ ರೆಕ್ಕೆ ಸಿಕ್ಕಿಕೊಂಡ ಜಿಡ್ಡು. ಕೈಯೆತ್ತಿ ಗೋಡೆಯ ಮೇಲ್ಭಾಗಕ್ಕೆ ಎಳೆದರು. ಅದೇ. ಅತ್ತೆ ಒರೆಸಿ ಒರೆಸಿ ಕೈಗೆಟುಕುವವರೆಗೆ ಮಾತ್ರ ಬಿಳಿ, ಅದರ ಮೇಲೆ ಸೂರಿನವರೆಗೂ ಅದೇ. ನಾನು ಬಾಗಿಲಲ್ಲಿ ನಿಂತಿದ್ದೆ. ಮಾವನ ಮುಖದಲ್ಲಿ ಅಸಹ್ಯ ಎಷ್ಟೋ ಸಲ ಕಂಡಿದ್ದೇನೆ. ಎಂಜಲಿನ ಡ್ರಮ್ಮು ಕಂಡಾಗಲೂ ಇಷ್ಟು ಕಂಡಿರಲಿಲ್ಲ.

"ಫೇಲು," ಎಂದರು, ಯಾರಿಗೂ ಅಲ್ಲ ಎಂಬಂತೆ. ಮತ್ತೆ ಬೆರಳನ್ನು ದೀಪದ ಕಡೆ ಹಿಡಿದು, "ಇದು ಅವಳ ಎದೇಲೂ ಹೀಗೇ ಕೂತಿರತ್ತಲ್ಲೋ. ಥೂ!" ಎಂದರು. ಆ ಥೂ ಕ್ಯಾಂಟೀನಿಗಲ್ಲ.

ಇಕ್ಕಳ ಕೇಳಿದರು. ತಂದುಕೊಟ್ಟೆ. ತಾವೇ ಹೊಡೆದ ಮೊಳೆಗಳನ್ನು ತಾವೇ ಕಿತ್ತರು. ನಾನು ಸಹಾಯಕ್ಕೆ ಹೋದರೆ ಮೊಣಕೈಯಲ್ಲಿ ತಳ್ಳಿದರು. ಮೊಳೆ ಬಂದರೂ ಕಿಟಕಿ ತೆರೆಯಲಿಲ್ಲ. ಹೊರಗೆ ಮುಸುರೆ ಗಿಡ ತನ್ನ ಪೂರ್ತಿ ಭಾರ ಹಾಕಿ ಒರಗಿಕೊಂಡಿತ್ತು. ಸಂದಿಯಿಂದ ಕೈ ತೂರಿಸಿ ರೆಂಬೆಗಳನ್ನು ಸರಿಸದೆ ಬೇರೆ ದಾರಿಯಿರಲಿಲ್ಲ. ಮಾವ ಕೈಗವಸಿಗಾಗಿ ಅತ್ತಿತ್ತ ನೋಡಿದರು. ಅದು ಹಿತ್ತಿಲಲ್ಲಿತ್ತು. ಜಗಲಿಯಿಂದ ಅತ್ತೆಯ ಕೆಮ್ಮು ಕೇಳಿಸಿತು. ಮಾವ ಕಣ್ಣು ಮುಚ್ಚಿ, ತುಟಿ ಬಿಗಿದು, ಬರಿಗೈಯನ್ನು ಭುಜದವರೆಗೂ ಆ ಪೊದೆಯೊಳಗೆ ತೂರಿಸಿ ತಳ್ಳಿದರು. ಜೇಡರ ಬಲೆ ಹರಿಯಿತು, ಒಂದು ಹಕ್ಕಿ ಬೈದು ಹಾರಿತು, ಕಾಯಿಗಳು ಜಜ್ಜಿಹೋಗಿ ಅಂಗಿಯ ತೋಳಿಗೆ ಮೇಣ ಮೆತ್ತಿತು. ಹಕ್ಕಿ ಬಿಟ್ಟುಹೋದದ್ದರಲ್ಲೂ ಸ್ವಲ್ಪ ಮೆತ್ತಿತು. ಕಿಟಕಿ ಕಿರುಗುಟ್ಟಿ ತೆರೆದುಕೊಂಡಿತು. ಮುರಿದ ಎಲೆಗಳ ಘಾಟು ಪರಿಮಳ ಒಳಗೆ ನುಗ್ಗಿತು, ಹೊಗೆ ಹೊರಗೆ ನುಗ್ಗಿತು. ಮಾವ ಬಚ್ಚಲಿಗೆ ನುಗ್ಗಿದರು.

ಅವರು ವಾಕರಿಸುವ ಸದ್ದು ನಿಂತು ಸೋಪು ಉಜ್ಜುವ ಸದ್ದು ಶುರುವಾದ ಮೇಲೆ ಅತ್ತೆ ಮೆಲ್ಲಗೆ ಎದ್ದು ಬಂದರು. ಕಿಟಕಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಎಲೆಗಳ ಕಡೆ ಮುಖ ಮಾಡಿ ಉಸಿರೆಳೆದುಕೊಂಡರು. ಆಮೇಲೆ ಬಾಣಲೆ ಕಡೆ ತಿರುಗಿ, "ಈರುಳ್ಳಿ ಸೀದುಹೋಗಿದೆ" ಎಂದು ನಕ್ಕರು.

ಈಗ ಮಾವ ಗೋಡೆಯುದ್ದದ ಕಡ್ಡಿಗಳನ್ನು ಕಿತ್ತುಹಾಕಿದ್ದಾರೆ. ಭಾನುವಾರ ಏಣಿ ಹತ್ತಿ ಅಡುಗೆಮನೆಯ ಗೋಡೆ ಉಜ್ಜುತ್ತಾರೆ. ಗಿಡವನ್ನು ಮುಟ್ಟಲು ಅತ್ತೆ ಬಿಡುವುದಿಲ್ಲ. ಮೊನ್ನೆ ನಾನು ಹೋದಾಗ ಮಾವ ಅಡುಗೆಮನೆಯಲ್ಲೇ ಊಟಕ್ಕೆ ಕೂತಿದ್ದರು, ಕಿಟಕಿಗೆ ಅರ್ಧ ಬೆನ್ನು ಹಾಕಿಕೊಂಡು, ಓರೆಗಣ್ಣು ಮಾತ್ರ ಅತ್ತಲೇ, ಮೂಗಿನ ಗೆರೆಗಳು ಅಷ್ಟೂ ಹಾಜರು.

"ಅದರದ್ದೊಂದು ರೆಂಬೆ ಒಳಗೇ ಬಂದಿದೆ ಕಣೇ."

"ಬರ್ಲಿ ಬಿಡಿ."

"ಅದರ ಮೇಲೆ ಹುಳ ಇದೆ. ಹಸಿರು ಹುಳ. ನಡೀತಾ ಇದೆ."

"ನಡೀಲಿ. ನಿಮ್ಮ ತಟ್ಟೆಗೇನೂ ಬಂದಿಲ್ಲವಲ್ಲ."

"ಛೀ! ಊಟದ ಹೊತ್ತಲ್ಲಿ!"

"ಅಷ್ಟು ಅಸಹ್ಯ ಆದ್ರೆ ಕಿಟಕಿ ಹಾಕ್ಬಿಡ್ಲಾ?" ಎಂದು ಅತ್ತೆ ಸೌಟು ಹಿಡಿದು ನಿಂತು ಕೇಳಿದರು.

ಮಾವ ಬಾಯಲ್ಲಿದ್ದ ತುತ್ತನ್ನು ಕಷ್ಟಪಟ್ಟು ನುಂಗಿದರು.

"ಬೇಡ. ನಿನಗೆ ಮತ್ತೆ ಉಬ್ಬಸ ಬಂದ್ರೆ ನಾನು ಅಡುಗೆ ಮಾಡ್ಬೇಕಾಗತ್ತೆ. ಆ ಗಲೀಜು ಕೆಲಸ ನನ್ನ ಕೈಲಾಗಲ್ಲ."